ಖಾಲಾ ಹಿಡಿದ ಮಣಿಕಟ್ಟು

ಅವರ ಬಲಗೈ ಬೆರಳುಗಳಿಗೆ ಬೇಸಿಗೆ ಮುಗಿಯುವ ಹೊತ್ತಿಗೆ ಟೊಮೆಟೊ ಎಲೆಯ ಹಸಿರು ಮೆತ್ತಿಕೊಂಡಿರುತ್ತಿತ್ತು. ಎಷ್ಟು ತಿಕ್ಕಿದರೂ ಹೋಗದು. ಆ ಕೈಯಿಂದ ಚಹಾದ ಲೋಟ ಕೊಟ್ಟರೆ ಚಹಾಕ್ಕಿಂತ ಮೊದಲು ಎಲೆಯ ಘಾಟು ಮೂಗಿಗೆ ಬರುತ್ತಿತ್ತು.

ಎಂಬತ್ತನೇ ಇಸವಿಯ ಆಸುಪಾಸು. ಹಗರಿಬೊಮ್ಮನಹಳ್ಳಿಯಲ್ಲಿ ನಮ್ಮ ಬಾಡಿಗೆ ಮನೆಗೂ ಅವರ ಮನೆಗೂ ನಡುವೆ ಒಂದು ಬೇವಿನ ಮರ ಇತ್ತು. ಅವರ ಯಜಮಾನರು ಲಾರಿ ಮೆಕ್ಯಾನಿಕ್. ಅವರನ್ನು ಓಣಿಯವರೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆವು. ಗ್ಯಾರೇಜಿನ ಹಳೆಯ ಡಬ್ಬಿಗಳನ್ನು ಅರ್ಧಕ್ಕೆ ಕತ್ತರಿಸಿ, ಅಂಚು ಮಡಚಿ ಬಡಿದು, ತಳಕ್ಕೆ ಮೊಳೆಯಿಂದ ತೂತು ಹೊಡೆದು, ಅಡುಗೆಮನೆಯ ಕಿಟಕಿಯಲ್ಲಿ ಟೊಮೆಟೊ ಬೀಜ ಹಾಕುವರು. ಹೊರಗೆ ಹಾಕಿದರೆ ಬಿಸಿಲಿಗೆ ಅರ್ಧ, ಕೋಳಿಗೆ ಅರ್ಧ. ಸಸಿ ಎದ್ದ ಮೇಲೆ ದಿನಾ ಬೆಳಿಗ್ಗೆ ಅಂಗೈಯನ್ನು ಅವುಗಳ ತಲೆಯ ಮೇಲೆ ಹಗುರವಾಗಿ ಆಡಿಸುವರು.

“ಮುದ್ದು ಮಾಡಾಕತ್ತೀರೇನ್ರಿ ಖಾಲಾ?” ಎಂದು ಕೇಳಿದ್ದೆ.

“ಮುದ್ದಲ್ಲವ್ವ, ಗಾಳಿ ಹೆಂಗಿರತೈತಿ ಅಂತ ಹೇಳಿಕೊಡಾಕತ್ತೀನಿ. ಒಮ್ಮಿಗೇ ಹೊರಗ ಒಯ್ದಿಟ್ರ ಗಾಬರಿ ಬೀಳ್ತಾವ, ನಿನ್ನಂಗ.”

ಗಾಬರಿಯಲ್ಲಿ ನನ್ನನ್ನು ಮೀರಿಸುವವರು ಆ ಓಣಿಯಲ್ಲಿರಲಿಲ್ಲ. ಹಾಲು ಉಕ್ಕಿದರೂ ಹೊಳೆ ಬಂದಂತೆ ಕೂಗುತ್ತಿದ್ದೆ. ಅಂಥವಳಿಗೆ ದಿನ ತುಂಬುವ ಮೊದಲೇ ಹುಟ್ಟಿದ ಮಗಳು! ವರ್ಷ ದಾಟಿದರೂ ಅವಳನ್ನು ಸೊಂಟದಿಂದ ಇಳಿಸಿರಲಿಲ್ಲ. ನಮ್ಮೂರಿನ ಬೇಸಿಗೆಯಲ್ಲೂ ತಲೆಗೆ ಕುಲಾವಿ. ಓರಗೆಯ ಕೂಸುಗಳು ಓಣಿ ತುಂಬ ಓಡಾಡುವಾಗ ನನ್ನದು ನಿಲ್ಲಲೂ ಒಲ್ಲದು. ಕಾಲಲ್ಲಿ ಶಕ್ತಿಯೇ ಇಲ್ಲವೇನೋ ಎಂದು ಅಳುತ್ತಿದ್ದೆ, ಅಳುತ್ತಲೇ ಮತ್ತೆ ಎತ್ತಿಕೊಳ್ಳುತ್ತಿದ್ದೆ.

ಖಾಲಾ ಒಂದು ದಿನ ಡಬ್ಬಿಗಳನ್ನು ಬೇವಿನ ನೆರಳಿಗೆ ತಂದಿಡುತ್ತ, “ಕೂಸನ್ನೂ ತಾ. ಇವುಗಳ ಜೋಡಿ ಕುಂದ್ರಲಿ,” ಎಂದರು.

“ಗಾಳಿ ಐತ್ರಿ ಖಾಲಾ.”

“ಅದಕ್ಕ ತಾ ಅಂದೆ.”

ಮೊದಲು ನೆರಳು, ಅದೂ ಸ್ವಲ್ಪ ಹೊತ್ತು. ಆಮೇಲಾಮೇಲೆ ಎಳೆಬಿಸಿಲು. ಸಸಿಗಳಿಗೆ ಹೇಗೋ ಮಗಳಿಗೂ ಹಾಗೇ. ಸಸಿಗಳ ಕಾಂಡ ದಪ್ಪವಾಗುತ್ತ ಬಂತು. ನೋಡುತ್ತ ಕೂತ ನಾನು ತೆಳ್ಳಗಾದೆ.

ಒಂದು ಬೆಳಿಗ್ಗೆ ಮಗಳು ಡಬ್ಬಿಯ ಅಂಚು ಹಿಡಿದು ಎದ್ದು ನಿಂತಳು. ನಿಂತಳು ಎಂದು ನಾನು ನಂಬುವಷ್ಟರಲ್ಲಿ ಡಬ್ಬಿ ಮಗುಚಿತು, ಅವಳೂ ಬಿದ್ದಳು, ಸಸಿಯೊಂದು ಅವಳ ಅಡಿಗೆ ಸಿಕ್ಕಿತು. ಕಿರುಚಿ ಮುಂದೆ ನುಗ್ಗಿದೆ. ಖಾಲಾ ಹಿಡಿದದ್ದು ಕೂಸನ್ನಲ್ಲ, ನನ್ನ ಮಣಿಕಟ್ಟನ್ನು. ಲಾರಿಯ ಬೋಲ್ಟು ಬಿಗಿದ ಹಾಗೆ.

“ಬಿಡ್ರಿ ಖಾಲಾ!”

“ತಡಿ. ಬಿದ್ದಾಳ, ಅಳಾಕತ್ತಿಲ್ಲ. ನೀ ಅತ್ರ ಅಳ್ತಾಳ. ಬಾಯಿ ಮುಚ್ಚು.”

ಮಗಳು ಮಣ್ಣು ಮೆತ್ತಿದ ಮುಖ ಎತ್ತಿ ನಮ್ಮನ್ನು ನೋಡಿದಳು. ಯಾರೂ ಬರಲಿಲ್ಲ. ಬೇವಿನ ಬೊಡ್ಡೆಗೆ ಕೈ ಕೊಟ್ಟು ಎದ್ದಳು. ಬೊಡ್ಡೆ ಬಿಟ್ಟಳು. ತೂರಾಡುತ್ತ ನನ್ನ ಕಡೆಗೇ ನಡೆದು ಬಂದಳು. ಆಮೇಲೇ ಖಾಲಾ ಕೈ ಬಿಟ್ಟದ್ದು. ಮಣಿಕಟ್ಟಿನ ಸುತ್ತ ಹಸಿರು ಬೆರಳ ಗುರುತು ಉಳಿದಿತ್ತು.

ಬಾಗಿದ ಸಸಿಯನ್ನು ಅವರು ಎಸೆಯಲಿಲ್ಲ. ಮಳೆ ಬಿದ್ದ ಮೇಲೆ ಹಿತ್ತಲಲ್ಲಿ ಕುತ್ತಿಗೆಯತನಕ ಹೂಳಿದರು. “ಬಾಗಿದಲ್ಲಿ ಮಣ್ಣು ಮುಟ್ಟಿದ್ರ ಅಲ್ಲೇ ಬೇರು ಬಿಡತೈತಿ, ನೋಡ್ತಿರು,” ಎಂದರು. ಅದರ ಮೊದಲ ಹಣ್ಣನ್ನು ಮಗಳ ಕೈಗೇ ಕೊಟ್ಟರು.

ಖಾಲಾ ಹೋಗಿ ಬಹಳ ವರ್ಷವಾಯಿತು. ಆಗ ನಾವು ಹಡಗಲಿಯಲ್ಲಿದ್ದೆವು. ಸುದ್ದಿ ಕೇಳಿ ಬಸ್ಸು ಹಿಡಿದು ಬರುವಷ್ಟರಲ್ಲಿ ಮಣ್ಣು ಮಾಡಿಯಾಗಿತ್ತು. ಮಗಳೀಗ ಸ್ಕೂಟರ್ ಓಡಿಸುತ್ತಾಳೆ, ಅದೂ ಎಂಥ ವೇಗ! ಅವಳು ತಿರುವಿನಲ್ಲಿ ಮರೆಯಾಗುವತನಕ ನಾನು ಬಾಗಿಲಲ್ಲಿ ನಿಂತು, ಎಡಗೈಯಿಂದ ನನ್ನ ಬಲ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡಿರುತ್ತೇನೆ. ಕೂಗುವುದಿಲ್ಲ.