ಸುಟ್ಟರೂ ಉರಿಯದ ಕೈ

ಬೆಳಗಿನ ಐದೂವರೆ. ಜೇವರ್ಗಿಯ ರೊಟ್ಟಿ ಕೇಂದ್ರದಲ್ಲಿ ಮೆಹನಾಜ, ಪತ್ರಿಕೆಗೆ ಬರೆಯಲೆಂದು ಬಂದ ನನ್ನತ್ತ ತಿರುಗಿ ಕೊಳಕೂರ ಬಸ್ಸಿನ ಗದ್ದಲ ಹೇಳುತ್ತಿದ್ದಾರೆ. ಅವರ ಎಡಗೈ ಮಾತ್ರ ಕಾದ ಹಂಚಿನ ಮೇಲೇ ಇದೆ! ನಾನು ಚೀರುತ್ತೇನೆ. ಯಾರಿಗೆ ಏನಾಯಿತೋ ಎಂದು ಅವರು ಬಾಗಿಲ ಕಡೆ ನೋಡುತ್ತಾರೆ.

“ಕೈ ತಗೀ ಬೇ! ರೊಟ್ಟಿ ಸುಡೂದ ಬಿಟ್ಟು ಕೈ ಸುಡಾಕತ್ತಿ!” ಕೇಂದ್ರ ನಡೆಸುವ ಗೌರಾಬಾಯಿ ಓಡಿಬಂದು ಆ ಕೈಯನ್ನು ನೀರಿಗೆ ಅದ್ದುತ್ತಾರೆ. “ಈಕಿಗಿ ಉರಿ ತಿಳಿಯಂಗಿಲ್ಲ, ಸುಟ್ಟ ವಾಸನಿನೂ ಬಡಿಯಂಗಿಲ್ಲ. ಈಕಿ ಮೂಗು ನಾನೇ ನೋಡ್ರಿ.”

ದಿನಕ್ಕೆ ಮುನ್ನೂರು ರೊಟ್ಟಿ ಬಡಿಯುವ ಮೆಹನಾಜರಿಗೆ ಇಪ್ಪತ್ತೇಳು ವರ್ಷ. ಎರಡು ಬೆರಳಿಗೆ ತುದಿಯಿಲ್ಲ. ನೋವೆಂಬುದನ್ನು ಹುಟ್ಟಿನಿಂದ ಕಂಡವರಲ್ಲ. ಪುಣ್ಯವಂತೆ ಎನ್ನಲು ನಾನು ಬಾಯಿ ತೆರೆದಿದ್ದೆ, ಅಷ್ಟರಲ್ಲಿ ಅವರೇ ತೀರಿಹೋದ ಅಣ್ಣ ಬಿಲಾಲನ ಮಾತು ತೆಗೆದರು. “ಅವಂಗೂ ಹಿಂಗೇ ಇತ್ರಿ. ಹೊಟ್ಟ್ಯಾಗ ಕರುಳು ಒಡದಿತ್ತು. ಅವತ್ತೂ ಕಬಡ್ಡಿ ಆಡಿ ಬಂದ. ಮೂರನೇ ದಿನಕ್ಕ ಹೋದ.”

ಕಲಬುರಗಿಯ ವೈದ್ಯರೊಬ್ಬರು ರಕ್ತ ಪರೀಕ್ಷೆ ಮಾಡಿಸಿ ಕಾರಣ ತಿಳಿಸಿದ್ದಾರೆ. ನರಕೋಶದ ಗೋಡೆಯಲ್ಲಿ ಅಯಾನ್ ಚಾನೆಲ್ ಎಂಬ ಸೂಕ್ಷ್ಮ ಬಾಗಿಲುಗಳಿರುತ್ತವೆ. ಅವು ತೆರೆದು ಸೋಡಿಯಂ ಕಣಗಳು ಒಳನುಗ್ಗಿದರೇ ನೋವಿನ ಸುದ್ದಿ ಮಿದುಳಿಗೆ ಹೊರಡುವುದು. ಮೆಹನಾಜರಲ್ಲಿ ಅಂಥದೊಂದು ಬಾಗಿಲು ತೆರೆಯುವುದೇ ಇಲ್ಲ; ವಾಸನೆ ತಿಳಿಯದಿರುವುದೂ ಅದರಿಂದಲೇ. ಅದೇ ಬಾಗಿಲನ್ನು ಮುಚ್ಚುವಂಥ ಹೊಸ ಮದ್ದನ್ನು ನೋವುಂಡವರಿಗಾಗಿ ವಿಜ್ಞಾನಿಗಳು ಹುಡುಕುತ್ತಿದ್ದಾರೆಂದು ಕೇಳಿ ಅವರು ದಂಗಾಗಿಬಿಟ್ಟರಂತೆ. “ಯಾ ಅಲ್ಲಾ! ನನ್ನಂಗ ಆಗಾಕ ಮಂದಿ ಗುಳಿಗಿ ನುಂಗ್ತಾರೇನ್ರಿ?”

ಗಂಡ ತೌಸೀಫ ಸೋದರತ್ತೆಯ ಮಗ. ಅದೇ ದೋಷ ಅವರ ರಕ್ತದಲ್ಲೂ ಅಡಗಿದ್ದರೆ, ಮೂಲೆಯ ಜೋಲಿಯಲ್ಲಿ ಮಲಗಿರುವ ಮಗಳು ಆಯೇಶಾಗೂ ಇದು ಬಂದಿರಬಹುದು. ಕೂಸಿನ ರಕ್ತದ ವರದಿಗೆ ಇನ್ನೂ ತಿಂಗಳಿದೆ. ಹುಟ್ಟಿದ ದಿನದ ಸೂಜಿಗೆ ಅವಳು ಅಳಲೇ ಇಲ್ಲ. “ಎಷ್ಟ ಶಾಣ್ಯಾ ಕೂಸು!” ಎಂದು ನರ್ಸ್ ಹೊಗಳಿದರೆ, ತಾಯಿಗೆ ಅಣ್ಣ ನೆನಪಾಗಿದ್ದ.

ಬಾಣಂತನದ ನಲವತ್ತು ದಿನ ಮುಗಿದು ಇಂದು ಮುಂದಿನ ಸೂಜಿ. ನಾನೂ ಅಂಗನವಾಡಿಗೆ ಹೋಗುತ್ತೇನೆ. ಸುನಿತಾ ಸಿಸ್ಟರ್ ತೊಡೆಗೆ ಚುಚ್ಚುತ್ತಾರೆ. ಸದ್ದಿಲ್ಲ. ಮೆಹನಾಜ ಕೂಸಿನ ಮುಖದತ್ತ ಬಾಗುತ್ತಾರೆ. ಆಮೇಲೆ ನೋಡಿ, ಆಯೇಶಾ ಮುಖವೆಲ್ಲ ಕೆಂಪಾಗಿ ಕಿಟಾರನೆ ಕಿರುಚುತ್ತಾಳೆ. ಸಂತೈಸಲು ಬಂದ ಸಿಸ್ಟರ್ ಕೈಯನ್ನು ತಾಯಿ ತಡೆಯುತ್ತಾರೆ. “ಸುಮ್ಮನ ಮಾಡಬ್ಯಾಡ್ರಿ. ಅಳ್ಳಿ. ಇನ್ನಷ್ಟ ಅಳ್ಳಿ.”

ಫೋಟೋಗೆಂದು ನಾನು ಮೊಬೈಲ್ ತೆಗೆದರೆ ಮೆಹನಾಜ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಕೂಸನ್ನು ಮುಂದೆ ಹಿಡಿಯುತ್ತಾರೆ.

“ಪೇಪರಿನ್ಯಾಗ ನಂದ ಹಾಕಬ್ಯಾಡ್ರಿ. ನನ್ನ ಮಗಳು ಬಾಯಿ ತೆರದು ಅಳೂದ ಹಾಕ್ರಿ. ದೊಡ್ಡದಾಗಿ ಹಾಕ್ರಿ.”