ದೆಹಲಿಯಿಂದ ಮನೆಗೆ ಎಷ್ಟು ಹೊತ್ತು

ಭಾಗ್ಯಾ, ಆ ದಿನ ನಿನ್ನ ಅಪ್ಪನನ್ನು ನಿನ್ನ ಬಾಗಿಲಿಗೆ ಕಳಿಸಿದವಳು ನಾನು. ಮಾವನಿಗೆ ತಾವಾಗಿಯೇ ಅನುಮಾನ ಬಂದಿತ್ತೆಂದು ನಿನ್ನ ಅಣ್ಣ ನಿನ್ನೆಯವರೆಗೂ ನಂಬಿದ್ದರು. ಅಲ್ಲ — ನಾನೇ.

ನಿನ್ನ ಮುಖ ನಾನು ನೋಡಿಲ್ಲ. ನಾನು ಯಳಂದೂರಿನಿಂದ ನಿಮ್ಮ ಮನೆಗೆ ಸೊಸೆಯಾಗಿ ಬರುವಷ್ಟರಲ್ಲಿ ನೀನು ಹನೂರಿನ ಬೇರೆ ಜಾತಿಯ ಹುಡುಗನನ್ನು ಮದುವೆಯಾಗಿ ಬೆಂಗಳೂರು ಸೇರಿದ್ದೆ. ಮನೆಯಲ್ಲಿ ನಿನ್ನ ಹೆಸರು ಎತ್ತುವಂತಿರಲಿಲ್ಲ.

ನಿನ್ನ ಅಣ್ಣ ನಮ್ಮ ಮಗ್ಗದ ರೇಷ್ಮೆ ಸೀರೆಗಳನ್ನು ದೆಹಲಿಯ ಅಂಗಡಿಗೆ ಕೊಟ್ಟು ಬರುತ್ತಿದ್ದರು. ಅವರು ರೈಲಿನಲ್ಲಿ ಹೋಗಿಬರುತ್ತಿದ್ದಾಗ ನನಗೆ ಯಾವ ಸಂಶಯವೂ ಇರಲಿಲ್ಲ — ಅಷ್ಟು ದೂರದ ದಾರಿ, ಅರ್ಧ ದಿನ ಹೆಚ್ಚುಕಡಿಮೆಯಾದರೆ ಯಾರಿಗೆ ಗೊತ್ತಾಗುತ್ತದೆ? ವಿಮಾನ ಹತ್ತತೊಡಗಿದ ಮೇಲೆ ನನ್ನ ಲೆಕ್ಕ ಶುರುವಾಯಿತು. ದೆಹಲಿಯಿಂದ ಬೆಂಗಳೂರಿಗೆ ಸಾವಿರದ ಏಳುನೂರು ಕಿಲೋಮೀಟರ್, ಮೂರು ಗಂಟೆಯೊಳಗೆ ಇಳಿಸುತ್ತಾರೆ ಎಂದಿತು ಮೊಬೈಲ್. ಅಲ್ಲಿಂದ ಕೊಳ್ಳೇಗಾಲಕ್ಕೆ ಬಸ್ಸು. ಬೆಳಿಗ್ಗೆ ಹೊರಟವರು ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲಿರಬೇಕು. ಇವರು ಬರುತ್ತಿದ್ದದ್ದು ಮಾರನೆಯ ಮಧ್ಯಾಹ್ನ.

"ಫ್ಲೈಟ್ ಲೇಟಾಗಿ ಬಸ್ ತಪ್ಪೋಯ್ತು ಕಣೆ" ಅನ್ನುತ್ತಿದ್ದರು.

ಲೇಟಾಗಿರಲಿಲ್ಲ. ಮೊಬೈಲಿನಲ್ಲಿ ನೋಡಿದ್ದೆ. ಊಟಕ್ಕೆ ಕರೆದರೆ ಹಸಿವಿಲ್ಲ. ಅಂಗಿಯಲ್ಲಿ ನಮ್ಮ ಮನೆಯದಲ್ಲದ ಸೋಪಿನ ವಾಸನೆ. ಅದನ್ನು ಮೂಸಿ ಮೂಸಿ ಮನಸ್ಸಿನಲ್ಲೇ ಒಬ್ಬ ಹೆಂಗಸನ್ನು ಕಲ್ಪಿಸಿಕೊಂಡೆ — ಅವಳ ಬಣ್ಣ, ಅವಳ ನಗು ಕೂಡ. ಅವರನ್ನೇ ಕೇಳಿಬಿಡಬಹುದಿತ್ತು. ಕೇಳದೆ ಮಾವನ ಹತ್ತಿರ ಹೋದೆ.

"ಮಾವ, ನಿಮ್ಮ ಮಗ ಬೆಂಗ್ಳೂರಲ್ಲಿ ಯಾರ್ನೋ ಇಟ್ಕಂಡವ್ರೆ."

ಮುಂದಿನ ಸಲ ಮಾವ ನೆಂಟರ ಕಾರು ತೆಗೆದುಕೊಂಡು ವಿಮಾನ ನಿಲ್ದಾಣದಲ್ಲಿ ಕಾದು, ಮಗನ ಹಿಂದೆಯೇ ಹೋದರು. ಬಾಗಿಲು ತೆಗೆದವಳು ನೀನು, ತುಂಬು ಬಸುರಿ. ಅವರು ಹೊಸ್ತಿಲಿಂದಲೇ ತಿರುಗಿ ಮಗನನ್ನು ಮನೆಗೆ ಎಳೆದುಕೊಂಡು ಬಂದರು.

"ಈ ಮಗ್ಗ ಮುಟ್ಟಿ ಏಳ್ಲಾ, ಇನ್ ಆ ಮನೆ ಕಡೆ ಓಗಕಿಲ್ಲ ಅಂತ."

"ಅವ್ಳಿಗೆ ದಿನ ತುಂಬೈತೆ ಕಣಪ್ಪಾ. ಗಂಡ ಲಾರಿ ಮೇಲೆ ಓಗವ್ನೆ. ಜೊತೇಲಿ ಯಾರೂ ಇಲ್ಲ."

"ಮುಟ್ಲಾ!"

ಅವರು ಅಳುತ್ತಲೇ ಮುಟ್ಟಿದರು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಬೇರೆ ಹೆಂಗಸಲ್ಲ ಎಂದು ತಿಳಿದು ಮೊದಲು ನನಗಾದದ್ದು — ಬರೆಯಲು ನಾಚಿಕೆ — ಸಮಾಧಾನ. ಹೆರಿಗೆ ನೋವು ಬಂದಾಗ ನೀನೊಬ್ಬಳೇ ಆಟೋ ಹತ್ತಿ ಆಸ್ಪತ್ರೆಗೆ ಹೋದೆಯೆಂದು ಆಮೇಲೆ ಕೇಳಿದೆ. ಆಗಲೂ ಬಾಯಿ ಬಿಡಲಿಲ್ಲ.

ನಿನ್ನ ಮಗಳು ಈಗ ಶಾಲೆಗೆ ಹೋಗುತ್ತಾಳಂತೆ. ಮಾವ ತೀರಿಕೊಂಡರೂ ನಿನ್ನ ಅಣ್ಣ ಆಣೆ ಮೀರಿಲ್ಲ. ಈಗ ವಿಮಾನ ಇಳಿದರೆ ಸೀದಾ ಮನೆ. ನಾನು ಬಯಸಿದ್ದೂ ಅದನ್ನೇ — ಆದರೆ ಬಂದು ಕೂತವರ ಮುಖ ನೋಡಲು ನನ್ನಿಂದ ಆಗುವುದಿಲ್ಲ.

ನಿನ್ನೆ ಅವರಿಗೆ ಎಲ್ಲವನ್ನೂ ಹೇಳಿದೆ. ಬೈಯುತ್ತಾರೆ, ಹೊಡೆದರೂ ಹೊಡೆಯಲಿ ಎಂದುಕೊಂಡಿದ್ದೆ. "ನನ್ನೇ ಒಂದ್ ಮಾತು ಕೇಳ್ಬೋದಾಗಿತ್ತಲ್ಲ" ಅಂದರು. ಅಷ್ಟೇ.

ಕೇಳಬಹುದಾಗಿತ್ತು. ಕೇಳಲಿಲ್ಲ, ಭಾಗ್ಯಾ. ಇದನ್ನು ಮೊಬೈಲಿನಲ್ಲಿ ಕಳಿಸಿ, ನಾಳೆ ಬೆಳಗಿನ ಬಸ್ಸಿಗೆ ನಾನೊಬ್ಬಳೇ ಬರುತ್ತಿದ್ದೇನೆ. ನೀನು ಒಳಗೆ ಕರೆಯಬೇಕೆಂದಿಲ್ಲ. ಇಷ್ಟನ್ನು ನಿನ್ನ ಎದುರು ನಿಂತು ಇನ್ನೊಮ್ಮೆ ಹೇಳಿ ಹೋಗುತ್ತೇನೆ.