ಬಾಗಿಲು ತೆರೆಯಲು ಜಾಗ

ಸ್ನೇಹಿತರೇ, ಇಂದು ಬೆಳಗ್ಗೆ ಟೆಸ್ಟ್ ಡ್ರೈವ್ ಕಾರನ್ನು ನಮ್ಮ ಬಿಲ್ಡಿಂಗಿನ ಪಾರ್ಕಿಂಗ್‌ನಲ್ಲಿ ನಿಲ್ಲಿಸಿ, ಇಳಿಯಲಾಗದೆ ಒಳಗೇ ಕೂತೆ. ಮೂರನೇ ಮಹಡಿಯ ಶೆಟ್ಟರು ಇದನ್ನು ಆಗಲೇ ಸೊಸೈಟಿಯ ವಾಟ್ಸಾಪ್ ಗುಂಪಿಗೆ ವರದಿ ಮಾಡಿದ್ದಾರೆ.

ಎರಡು ಕಂಬಗಳ ನಡುವಿನ ಜಾಗವನ್ನೂ ಕಾರಿನ ಅಗಲವನ್ನೂ ನಾನು ಅಳೆದು ತಾಳೆ ನೋಡಿದ್ದೆ. ವಾಚ್‌ಮನ್ ಬಸಪ್ಪ ನಿನ್ನೆಯೇ ಕೇಳಿದ್ದ: "ಗಾಡಿ ಒಳಗ ಹೋಗ್ತೈತ್ರಿ ಸಾಹೇಬ್ರ. ಬಾಗಲಾ ಹೆಂಗ ತಗೀತೀರಿ?"

"ನೀನು ಎಷ್ಟು ಕಾರು ಕೊಂಡಿದ್ದೀಯಪ್ಪಾ?" ಎಂದು ಎಲ್ಲರೆದುರು ಅವನ ಬಾಯಿ ಮುಚ್ಚಿಸಿದ್ದೆ.

ಇಂದು ಕೈ ತೋರಿಸುತ್ತ ಕಾರನ್ನು ಹಿಂದಕ್ಕೆ ತೆಗೆಸಿದವನೂ ಅವನೇ. "ಸಾವಕಾಶ ಬರ್ರಿ, ಕನ್ನಡಿ ತಾಗೀತು" ಎಂದನೇ ಹೊರತು ನಗಲಿಲ್ಲ. ನಕ್ಕಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು.

ನಾಳೆ ಹನ್ನೊಂದಕ್ಕೆ ಇದಕ್ಕಿಂತ ಚಿಕ್ಕ ಕಾರು ನೋಡುವುದಿದೆ. ಬಸಪ್ಪನನ್ನೂ ಕರೆದಿದ್ದೇನೆ. ಡ್ಯೂಟಿ ಮುಗಿಸಿ ಬರುತ್ತಾನಂತೆ.